ಎರಡೂವರೆ ಲಕ್ಷ, ನಲವತ್ತು ಸೆಕೆಂಡ್

(1/8)

ಹೋದ ವಾರ ಟೈರಿನ ಗಾಳಿ ಬಗ್ಗೆ ಬರೆದಿದ್ದಕ್ಕೆ ಬಂದ ಮೆಸೇಜುಗಳಲ್ಲಿ ಒಂದು ಹೀಗಿತ್ತು:

"ಅಣ್ಣಾ, ನನ್ನ ಹತ್ರ ಅಲ್ಯೂಮಿನಿಯಂ ಸೈಕಲ್ ಇದೆ, ಶಿಮಾನೋ ಕ್ಲಾರಿಸ್ ಗೇರು. ಎಲ್ಲಾ ಸೇರಿ ಹತ್ತೂವರೆ ಕೆ.ಜಿ. ಹಿಲ್ ಕ್ಲೈಂಬ್ ರೇಸಿಗೆ ಹೆಸರು ಕೊಡ್ಬೇಕು ಅಂತಿದೀನಿ. ಗ್ರೂಪಲ್ಲಿ ಎಲ್ರೂ ಕಾರ್ಬನ್ ಇಲ್ದೆ ರೇಸಿಗೆ ಬರೋದೇ ವೇಸ್ಟ್ ಅಂತಾರೆ. ಎರಡೂವರೆ ಲಕ್ಷದ್ದು ಒಂದು ನೋಡಿದೀನಿ, ಇಎಂಐ ಮೇಲೆ ತಗೊಳ್ಳಲಾ?"

ಉತ್ತರ ಮೊದಲೇ ಹೇಳಿಬಿಡ್ತೀನಿ. ಬೇಡ ಕಣಪ್ಪ. ಇರೋ ಸೈಕಲ್ಲಲ್ಲೇ ಹೆಸರು ಕೊಡು.

ಆದರೆ "ಸೈಕಲ್ ಮುಖ್ಯ ಅಲ್ಲ, ಕಾಲು ಮುಖ್ಯ" ಅಂತ ಒಂದೇ ಸಾಲಲ್ಲಿ ಮುಗಿಸೋರ ಗುಂಪಿಗೂ ನಾನು ಸೇರಿದವನಲ್ಲ. ಆ ಮಾತು ಹೇಳೋರಲ್ಲಿ ಮುಕ್ಕಾಲು ಜನ ನಾಲ್ಕು ಲಕ್ಷದ ಸೈಕಲ್ಲಿನ ಮೇಲೆ ಕೂತೇ ಹೇಳ್ತಿರ್ತಾರೆ. ಸೈಕಲ್ಲಿಗೂ ಒಂದು ಲೆಕ್ಕ ಇದೆ. ಎಲ್ಲಿವರೆಗೆ ದುಡ್ಡು ಕೆಲಸ ಮಾಡತ್ತೆ, ಎಲ್ಲಿಂದಾಚೆಗೆ ಬರೀ ಬಣ್ಣಕ್ಕೆ ಕೊಡ್ತೀವಿ ಅನ್ನೋದನ್ನ ಒಂದೊಂದಾಗಿ ನೋಡೋಣ. ಸ್ವಲ್ಪ ಉದ್ದ ಇದೆ, ಎಂಟು ಫೋಟೋದ ಕೆಳಗೂ ಬರೆದಿದೀನಿ. ಟೀ ತಗೊಂಡು ಕೂತ್ಕೊಳ್ಳಿ.

(2/8)

ಮೊದಲು ಬೆಟ್ಟ. ಬೆಂಗಳೂರಿನ ಸೈಕಲ್ ಜನಕ್ಕೆ ಬೆಟ್ಟ ಅಂದ್ರೆ ನಂದಿ. ತುದಿ ಸಮುದ್ರ ಮಟ್ಟದಿಂದ 1478 ಮೀಟರ್. ಕೆಳಗಿಂದ ಮೇಲಿನ ಗೇಟಿನವರೆಗೆ ಸುಮಾರು ಏಳೆಂಟು ಕಿಲೋಮೀಟರ್ ಘಾಟಿ ರಸ್ತೆ. ನಮ್ಮಂಥ ವಾರಾಂತ್ಯದ ಸವಾರರು ಅರ್ಧ ಗಂಟೆಯ ಆಸುಪಾಸಿನಲ್ಲಿ ಹತ್ತುತ್ತಾರೆ ಅಂತ ಇಟ್ಕೊಳ್ಳಿ.

ಏರಿನಲ್ಲಿ ನಾವು ಹಾಕೋ ಶಕ್ತಿಯ ದೊಡ್ಡ ಪಾಲು ಭಾರವನ್ನ ಮೇಲೆತ್ತೋದಕ್ಕೇ ಹೋಗತ್ತೆ. ಮೆಸೇಜ್ ಹಾಕಿದ ಹುಡುಗನ ತೂಕ 70 ಕೆ.ಜಿ. ಅಂದುಕೊಳ್ಳೋಣ, ಸೈಕಲ್ 10.5. ಒಟ್ಟು 80.5. ಹೊಸ ಕಾರ್ಬನ್ ಸೈಕಲ್ 8.5 ಕೆ.ಜಿ. ಇದ್ರೆ 2 ಕೆ.ಜಿ. ಉಳೀತು. ಕೈಯಲ್ಲಿ ಎತ್ತಿ ನೋಡಿದಾಗ ಭಾರೀ ವ್ಯತ್ಯಾಸ ಅನ್ಸತ್ತೆ. ಅಂಗಡಿಯವರು ಮೊದಲು "ಎತ್ತಿ ನೋಡಿ ಸಾರ್" ಅನ್ನೋದು ಅದಕ್ಕೇ. ಆದರೆ ಬೆಟ್ಟಕ್ಕೆ ಸೈಕಲ್ ಒಂದೇ ಹೋಗಲ್ಲ, ಮೇಲೆ ನಾವೂ ಇರ್ತೀವಿ. 80.5ರಲ್ಲಿ 2 ಅಂದ್ರೆ ಶೇ. 2.5. ಗಾಳಿ ಮತ್ತು ಟೈರಿನ ಪಾಲು ಕಳೆದ್ರೆ ಸಮಯದಲ್ಲಿ ಸಿಗೋ ಲಾಭ ಶೇ. 2ಕ್ಕಿಂತ ಸ್ವಲ್ಪ ಹೆಚ್ಚು. ಅರ್ಧ ಗಂಟೆಯಲ್ಲಿ ಸುಮಾರು 40 ಸೆಕೆಂಡ್.

40 ಸೆಕೆಂಡ್ ಸುಳ್ಳಲ್ಲ. ರೇಸಲ್ಲಿ 40 ಸೆಕೆಂಡಿಗೆ ನಾಲ್ಕೈದು ಸ್ಥಾನ ಮೇಲೆ ಕೆಳಗೆ ಆಗತ್ತೆ. ಆದರೆ ಅದೇ ಹುಡುಗ ಆರು ತಿಂಗಳು ಶಿಸ್ತಾಗಿ ಪ್ರ್ಯಾಕ್ಟೀಸ್ ಮಾಡಿ ತನ್ನ ಶಕ್ತಿಯನ್ನ ಶೇ. 10ರಷ್ಟು ಹೆಚ್ಚಿಸಿಕೊಂಡ ಅಂದ್ರೆ ಎರಡೂವರೆ ನಿಮಿಷ ಬರತ್ತೆ. ಹೊಸಬರಿಗೆ ಶೇ. 10 ದೊಡ್ಡ ಮಾತೇ ಅಲ್ಲ. ಹೊಟ್ಟೆ ಸುತ್ತಲಿನ 3 ಕೆ.ಜಿ. ಕರಗಿದ್ರೆ ಕಾರ್ಬನ್ ಫ್ರೇಮಿಗಿಂತ ಹೆಚ್ಚೇ ಆಯ್ತು, ಅದಕ್ಕೆ ಇಎಂಐ ಇಲ್ಲ.

ಇನ್ನೂ ಸುಲಭದ್ದು ಒಂದಿದೆ. 750 ಎಂ.ಎಲ್. ಬಾಟಲಿ ಎರಡು ತುಂಬಿಸ್ಕೊಂಡ್ರೆ ಒಂದೂವರೆ ಕೆ.ಜಿ. ನೀರೇ ಆಯ್ತು. ಅರ್ಧ ಗಂಟೆಯ ಹಿಲ್ ಕ್ಲೈಂಬಿಗೆ ಎರಡು ಬಾಟಲಿ ಹೊತ್ಕೊಂಡು, ಸೀಟಿನ ಕೆಳಗೆ ಟೂಲ್ ಬ್ಯಾಗು, ಎರಡು ಟ್ಯೂಬು, ಬೀಗ, ಪವರ್ ಬ್ಯಾಂಕು ಎಲ್ಲಾ ತೂಗುಹಾಕ್ಕೊಂಡು ಬಂದು "ಸೈಕಲ್ ಭಾರ ಅಣ್ಣಾ" ಅನ್ನೋರನ್ನ ನೀವೂ ನೋಡಿರ್ತೀರಿ. ಬೀಗ ಯಾಕೆ ಸ್ವಾಮಿ ರೇಸಿಗೆ!

(3/8)

ಈಗ ಸಪಾಟು ರಸ್ತೆ. ಇಲ್ಲಿ ಶತ್ರು ಗಾಳಿ.

ಗಂಟೆಗೆ 35 ಕಿ.ಮೀ. ವೇಗದಲ್ಲಿ ಒಬ್ಬನೇ ಹೋಗ್ತಿದ್ರೆ ನಿಮ್ಮ ಶಕ್ತಿಯ ಮುಕ್ಕಾಲಕ್ಕೂ ಹೆಚ್ಚು ಪಾಲು ಗಾಳಿಯನ್ನ ಸೀಳೋದಕ್ಕೇ ಖರ್ಚು. ಆ ಗಾಳಿಗೆ ಎದುರಾಗಿ ನಿಲ್ಲೋದರಲ್ಲಿ ದೊಡ್ಡ ಪಾಲು ಸೈಕಲ್ಲಿನದಲ್ಲ, ನಿಮ್ಮ ಎದೆ, ಭುಜ, ತಲೆ, ಹಾರಾಡೋ ಜರ್ಸಿ ಇವುಗಳದ್ದು. ನನ್ನ ಲೆಕ್ಕದಲ್ಲಿ ಈ ವೇಗಕ್ಕೆ 70 ಕೆ.ಜಿ. ಮನುಷ್ಯನಿಗೆ ಸುಮಾರು 215-220 ವಾಟ್ ಬೇಕು. ಹ್ಯಾಂಡಲ್ ಮೇಲ್ಭಾಗ ಬಿಟ್ಟು ಕೆಳಗೆ ಡ್ರಾಪ್ಸ್ ಹಿಡಿದು, ಮೊಣಕೈ ಮಡಿಸಿ, ತಲೆ ತಗ್ಗಿಸಿ ಕೂತ್ರೆ 20 ವಾಟಿನಷ್ಟು ಉಳಿಯತ್ತೆ. ಒಂದು ರೂಪಾಯಿ ಖರ್ಚಿಲ್ಲ. ಸೊಂಟ ನೋಯತ್ತೆ, ಅಷ್ಟೆ. ಹಾಗೆ ಇಪ್ಪತ್ತು ನಿಮಿಷ ಕೂರೋಕೆ ಆಗತ್ತಾ ಅನ್ನೋದೇ ಪ್ರಶ್ನೆ, ಅದು ಅಭ್ಯಾಸದಿಂದ ಬರೋದು.

ಟೈರಿನದೂ ಹೀಗೇ. ಸೈಕಲ್ ಜೊತೆ ಬರೋ ದಪ್ಪ ರಬ್ಬರಿನ ಟೈರು ತೆಗೆದು ಒಳ್ಳೆ ರೇಸ್ ಟೈರು, ಒಳ್ಳೆ ಟ್ಯೂಬು ಹಾಕಿದ್ರೆ ಇದೇ ವೇಗಕ್ಕೆ 15 ವಾಟಿನವರೆಗೂ ಉಳೀಬಹುದು. ಒಂದು ಜೊತೆಗೆ ಏಳೆಂಟು ಸಾವಿರ ಆಗತ್ತೆ. ಏರೋ ಫ್ರೇಮಿನ ಸೈಕಲ್ಲಿಗೆ ಎರಡು ಮೂರು ಲಕ್ಷ ಹೆಚ್ಚಿಗೆ ಸುರಿದ್ರೆ ನಮ್ಮ ವೇಗದಲ್ಲಿ ಸಿಗೋದು ಇದಕ್ಕಿಂತ ಕಡಿಮೆ. ಗಾಳಿಯ ವಿರುದ್ಧ ಬೇಕಾಗೋ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರತ್ತೆ. ಹಾಗಾಗಿ ಗಂಟೆಗೆ 50 ಕಿ.ಮೀ. ಓಡಿಸೋ ವೃತ್ತಿಪರನಿಗೆ ಅದು ಕೊಡೋ ಲಾಭವನ್ನೇ ಕಂಪನಿಯ ಜಾಹೀರಾತಲ್ಲಿ ಹಾಕಿರ್ತಾರೆ. ಅದು ಅವನ ಲಾಭ, ನಿಮ್ಮದಲ್ಲ.

ಇನ್ನು ಎಲೆಕ್ಟ್ರಾನಿಕ್ ಗೇರು. ಗೇರು ನಯವಾಗಿ ಬೀಳತ್ತೆ, ಚೆನ್ನಾಗಿದೆ. ವೇಗ ಕೊಡಲ್ಲ. ಮುಂದೆ ಹೋಗೋಣ.

(4/8)

ಸೈಕಲ್ಲಿಂದ ಏನೂ ಆಗಲ್ಲ ಅನ್ನೋರು ಇದನ್ನ ಓದ್ಬೇಕು. ಒಂದು ಗಂಟೆಯಲ್ಲಿ ವೆಲೊಡ್ರೋಮ್ ಸುತ್ತಿ ಎಷ್ಟು ದೂರ ಹೋಗ್ತೀರಿ ಅನ್ನೋ ದಾಖಲೆ ಇದೆಯಲ್ಲ, ಅವರ್ ರೆಕಾರ್ಡ್, ಅದರ ಕಥೆ.

1972ರಲ್ಲಿ ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಮೆಕ್ಸಿಕೋ ಸಿಟಿಯಲ್ಲಿ 49.431 ಕಿ.ಮೀ. ಓಡಿಸಿದ. 1993ರಲ್ಲಿ ಸ್ಕಾಟ್ಲೆಂಡಿನ ಗ್ರೇಮ್ ಒಬ್ರಿ ಬಂದ. ದೊಡ್ಡ ತಂಡ ಇಲ್ಲ, ದುಡ್ಡಿಲ್ಲ, ಇದ್ದ ಸೈಕಲ್ ಅಂಗಡಿಯೂ ನಷ್ಟದಲ್ಲಿ ಮುಳುಗಿತ್ತು. ತಾನೇ ಕೂತು ಒಂದು ಸೈಕಲ್ ಮಾಡಿಕೊಂಡ, ಅದಕ್ಕೆ ಬಟ್ಟೆ ಒಗೆಯೋ ಮಷೀನಿನ ಬೇರಿಂಗ್ ಹಾಕಿದ. ಎರಡೂ ಕೈಯನ್ನ ಎದೆಯ ಕೆಳಗೆ ಮಡಚಿ ಕೂರೋ ವಿಚಿತ್ರ ಭಂಗಿ ಕಂಡುಹಿಡಿದ. ನಾರ್ವೆಯ ಹಾಮಾರ್‌ನಲ್ಲಿ 51.596 ಕಿ.ಮೀ. ಓಡಿಸಿ ವಿಶ್ವದಾಖಲೆ ಮಾಡಿದ. ಒಂದೇ ವಾರದಲ್ಲಿ ಇಂಗ್ಲೆಂಡಿನ ಕ್ರಿಸ್ ಬೋರ್ಡ್‌ಮನ್ ಅದನ್ನ ಮುರಿದ, ಅದು ಬೇರೆ ಮಾತು. ಹಿಂದಿನ ವರ್ಷವಷ್ಟೇ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ಲೋಟಸ್ ಕಂಪನಿಯ ಕಾರ್ಬನ್ ಸೈಕಲ್ಲಿನಲ್ಲಿ ಚಿನ್ನ ಗೆದ್ದವನು ಅವನು.

ಅದೇ ಬೋರ್ಡ್‌ಮನ್ 1996ರಲ್ಲಿ ಕೈ ಮುಂದಕ್ಕೆ ಚಾಚಿ, ಸೂಪರ್‌ಮ್ಯಾನ್ ಹಾರಿದ ಹಾಗೆ ಮಲಗಿಕೊಂಡು 56.375 ಕಿ.ಮೀ. ಓಡಿಸಿದ. ಇದು ಸೈಕಲ್ಲಿನ ದಾಖಲೆಯೋ ಮನುಷ್ಯನದೋ ಅಂತ ಗಲಾಟೆ ಆಗಿ, ಕೊನೆಗೆ ಯುಸಿಐ ಮರ್ಕ್ಸ್ ಕಾಲದ ಮಾದರಿಯ ಸಾದಾ ಸೈಕಲ್ಲಿನಲ್ಲೇ ಮಾಡ್ಬೇಕು ಅಂತ ನಿಯಮ ತಂತು. 2000ದಲ್ಲಿ ಬೋರ್ಡ್‌ಮನ್ ಅಂಥ ಸೈಕಲ್ ಹತ್ತಿ ಮಾಡಿದ್ದು 49.441 ಕಿ.ಮೀ. ಮರ್ಕ್ಸ್‌ಗಿಂತ ಬರೀ 10 ಮೀಟರ್ ಹೆಚ್ಚು!

ಒಬ್ಬನೇ ಮನುಷ್ಯ, ನಾಲ್ಕು ವರ್ಷದ ಅಂತರ, ಸುಮಾರು 7 ಕಿಲೋಮೀಟರ್ ವ್ಯತ್ಯಾಸ. ವಯಸ್ಸಿನ ಪಾಲು ಸ್ವಲ್ಪ ಕಳೆದರೂ ಉಳಿದದ್ದು ಉಪಕರಣದ್ದೇ. ಆದರೆ ಆ ಉಪಕರಣದಲ್ಲಿ ಕೆಲಸ ಮಾಡಿದ್ದು ಬೆಲೆಗಿಂತ ಹೆಚ್ಚಾಗಿ ಭಂಗಿ. ಒಬ್ರಿಯ ಮನೆಯಲ್ಲೇ ಮಾಡಿದ ಸೈಕಲ್ಲಿಗೆ ಅಷ್ಟು ದೂರ ಹೋಗೋಕೆ ಆಗಿದ್ದು ಅದಕ್ಕೇ.

ಹಾಗಾಗಿ ಟೈಮ್ ಟ್ರಯಲ್ ಮಾಡೋರಿಗೆ ನನ್ನ ಉತ್ತರ ಬೇರೆ. ಅಲ್ಲಿ ಒಬ್ಬೊಬ್ಬರೇ ಗಡಿಯಾರದ ವಿರುದ್ಧ ಓಡಿಸೋದು, ಯಾರ ಹಿಂದೆಯೂ ಅಡಗೋ ಹಾಗಿಲ್ಲ. ಇರೋ ಸೈಕಲ್ಲಿಗೆ ಒಂದು ಜೊತೆ ಏರೋ ಬಾರ್ ಹಾಕಿಸಿ, ಮೈಗೆ ಅಂಟೋ ಬಟ್ಟೆ ಹಾಕಿ, ಆ ಭಂಗಿಯಲ್ಲಿ ಅಭ್ಯಾಸ ಮಾಡಿ. ಅದಕ್ಕೆ ಹಾಕಿದ ದುಡ್ಡು ವಾಪಸ್ ಬರತ್ತೆ. ಅದಾದ ಮೇಲೂ ಗುಂಗು ಬಿಡದಿದ್ರೆ ಟಿಟಿ ಸೈಕಲ್ ಬಗ್ಗೆ ಮಾತಾಡೋಣ.

(5/8)

ಗುಂಪಿನ ರೇಸು ಇನ್ನೂ ಬೇರೆ. ಮುಂದಿನವನ ಚಕ್ರದ ಹಿಂದೆ ಹತ್ತಿರ ಅಂಟಿಕೊಂಡು ಹೋದ್ರೆ ಮೂರನೇ ಒಂದು ಭಾಗದಷ್ಟು ಶ್ರಮ ಉಳಿಯತ್ತೆ. ಯಾವ ಕಂಪನಿಯೂ ಇಷ್ಟು ಉಳಿಸೋ ಸೈಕಲ್ ಮಾರಲ್ಲ. ಇಲ್ಲಿ ಬೇಕಾದ್ದು ಹತ್ತಿರ ಓಡಿಸೋ ಧೈರ್ಯ, ಯಾವಾಗ ಮುಂದೆ ಬರ್ಬೇಕು, ಯಾವಾಗ ಅಡಗಬೇಕು ಅನ್ನೋ ಬುದ್ಧಿ. ಬೆಂಗಳೂರಲ್ಲಿ ಬಿಬಿಸಿಎಚ್ ರೇಸುಗಳಿಗೆ ಹೋಗಿ ನಿಂತು ನೋಡಿ. ದುಬಾರಿ ಸೈಕಲ್ಲಿನಲ್ಲಿ ಗಾಳಿಗೆ ಎದುರಾಗಿ ಒಂಟಿಯಾಗಿ ಒದ್ದಾಡೋರೂ ಕಾಣ್ತಾರೆ, ಹಳೇ ಸೈಕಲ್ಲಿನಲ್ಲಿ ಕೊನೇ ಕಿಲೋಮೀಟರ್‌ವರೆಗೂ ಯಾರ ಕಣ್ಣಿಗೂ ಬೀಳದೆ ಕೂತಿರೋರೂ ಕಾಣ್ತಾರೆ.

ಗುಂಪು ಅಂದ್ರೆ ಬೀಳೋದೂ ಇದೆ. ತಿರುವಲ್ಲಿ ಒಬ್ಬ ಜಾರಿದ್ರೆ ಹಿಂದಿನ ಆರು ಜನ ಅವನ ಮೇಲೆ. ಮುರಿದ್ರೆ ಇನ್ನೊಂದು ಕೊಳ್ಳೋ ತಾಕತ್ತಿಲ್ಲದ ಸೈಕಲ್ ತಂದು ಗುಂಪಲ್ಲಿ ಓಡಿಸೋ ಹುಡುಗನ ಕೈ ಸದಾ ಬ್ರೇಕ್ ಮೇಲೇ ಇರತ್ತೆ. ಫ್ರೇಮಿಗೆ ಗೀರು ಬೀಳತ್ತೆ ಅನ್ನೋ ಭಯ ಕಾಲಿಗೂ ಇಳಿಯತ್ತೆ. ಎರಡು ವರ್ಷ ಇಎಂಐ ಕಟ್ಟೋದಾದ್ರೆ ತಿಂಗಳಿಗೆ ಹತ್ತಿರ ಹತ್ತಿರ 12 ಸಾವಿರ. ಮೂರನೇ ತಿಂಗಳಲ್ಲೇ ಫ್ರೇಮ್ ಸೀಳಿಹೋಯ್ತು ಅಂದ್ಕೊಳ್ಳಿ, ಉಳಿದ ಇಪ್ಪತ್ತೊಂದು ಕಂತು ಇಲ್ಲದ ಸೈಕಲ್ಲಿಗೆ ಕಟ್ಟಬೇಕು. ಅಲ್ಯೂಮಿನಿಯಂ ಆದ್ರೆ ಹ್ಯಾಂಡಲ್ ನೆಟ್ಟಗೆ ಮಾಡಿಸಿ, ಟೇಪ್ ಸುತ್ತಿಸಿ, ಮುಂದಿನ ಭಾನುವಾರ ಮತ್ತೆ ಬರಬಹುದು.

ಜಪಾನಿನ ಕೆರಿನ್ ಗೊತ್ತಲ್ಲ? 1948ರಿಂದ ನಡೀತಿರೋ, ಜನ ದುಡ್ಡು ಕಟ್ಟಿ ಆಡೋ ಸೈಕಲ್ ರೇಸು. ಅಲ್ಲಿ ಸೈಕಲ್ಲಿನಿಂದ ಯಾರಿಗೂ ಹೆಚ್ಚಿನ ಅನುಕೂಲ ಸಿಗಬಾರದು ಅಂತ ಪುರುಷರ ಸಾಂಪ್ರದಾಯಿಕ ರೇಸುಗಳಲ್ಲಿ ಒಪ್ಪಿಗೆ ಮುದ್ರೆ ಬಿದ್ದ ಸ್ಟೀಲ್ ಫ್ರೇಮುಗಳ ನಿಯಮ. ಟೂರ್ ಡಿ ಫ್ರಾನ್ಸ್‌ನಲ್ಲೂ 1930ರಲ್ಲಿ ಸಂಘಟಕರೇ ಎಲ್ಲ ಸವಾರರಿಗೂ ಒಂದೇ ಥರದ ಹಳದಿ ಸೈಕಲ್ ಕೊಟ್ಟಿದ್ದರು. ಇವತ್ತಿಗೂ ಯುಸಿಐ ನಿಯಮದಲ್ಲಿ ರೇಸ್ ಸೈಕಲ್ 6.8 ಕೆ.ಜಿ.ಗಿಂತ ಹಗುರ ಇರಬಾರದು. ದುಡ್ಡು ಓಡಿ ಗೆಲ್ಲಬಾರದು ಅನ್ನೋ ಚಿಂತೆ ಹಳೇದು. ನಮ್ಮ ಲೋಕಲ್ ಹಿಲ್ ಕ್ಲೈಂಬಿಗೂ "ಒಂದು ಲಕ್ಷದೊಳಗಿನ ಸೈಕಲ್" ಅಂತ ಒಂದು ವಿಭಾಗ ಇದ್ರೆ ಎಷ್ಟು ಜನ ಹೊಸಬರು ಬರ್ತಾರೆ ಅಂತ ಯೋಚಿಸ್ತಿರ್ತೀನಿ. ಸಂಘಟಕರು ಯಾರಾದ್ರೂ ಓದ್ತಿದ್ರೆ ದಯವಿಟ್ಟು.

(6/8)

ಈಗ ನಾಣ್ಯದ ಇನ್ನೊಂದು ಮಗ್ಗಲು. ನಾನು ಬರೆಯಬೇಕು ಅಂತ ಕೂತದ್ದೇ ಇದಕ್ಕೆ.

ಕರ್ನಾಟಕದ ಸೈಕ್ಲಿಂಗ್ ಅಂದ್ರೆ ಬೆಂಗಳೂರಿನ ಭಾನುವಾರದ ಸವಾರಿ ಅಂತ ಇನ್‌ಸ್ಟಾಗ್ರಾಮ್ ನೋಡಿದ್ರೆ ಅನ್ಸತ್ತೆ. ರಾಷ್ಟ್ರಮಟ್ಟದಲ್ಲಿ ರಾಜ್ಯಕ್ಕೆ ಪದಕ ತಂದವರ ಊರು ಕೇಳಿ. ವಿಜಯಪುರ, ಬಾಗಲಕೋಟೆ, ಗದಗ, ಬೆಳಗಾವಿ ಕಡೆಯ ಹೆಸರುಗಳೇ ಸಾಲುಸಾಲು. ಹೆಚ್ಚಿನವರು ರೈತರ, ಕೂಲಿಕಾರರ ಮಕ್ಕಳು, ಕ್ರೀಡಾ ವಸತಿ ನಿಲಯಗಳಲ್ಲಿ ಬೆಳೆದವರು. ಆ ಕಡೆ ಜಾತ್ರೆಗಳಲ್ಲಿ ಸೈಕಲ್ ರೇಸ್ ಇಡೋ ರೂಢಿ ಇದೆ. ಮನೆಯ ಸಾದಾ ಸೈಕಲ್ಲಿಗೆ ಮಡ್‌ಗಾರ್ಡ್ ಬಿಚ್ಚಿ, ಕ್ಯಾರಿಯರ್ ಬಿಚ್ಚಿ, ಬರಿಗಾಲಲ್ಲೇ ತುಳಿಯೋ ಹುಡುಗರು. ತೂಕ ಇಳಿಸೋ ವಿದ್ಯೆಯನ್ನ ಅವರಿಗೆ ಯಾವ ಯೂಟ್ಯೂಬೂ ಕಲಿಸಿಲ್ಲ.

ಒಮ್ಮೆ ಒಂದು ರೇಸಿನ ಸ್ಟಾರ್ಟ್ ಲೈನಲ್ಲಿ ಆ ಕಡೆಯ ಹುಡುಗ ಒಬ್ಬ ನನ್ನ ಪಕ್ಕದವರ ಸೈಕಲ್ ನೋಡಿ ಕೇಳಿದ. "ಇದಕ್ಕ ಎಷ್ಟ ಆತ್ರಿ ಸರ?" ಅವರು ಸ್ವಲ್ಪ ಮುಜುಗರದಲ್ಲೇ ಹೇಳಿದ್ರು. ಹುಡುಗ ನಕ್ಕ. "ಅಷ್ಟರಾಗ ನಮ್ಮ ಹಾಸ್ಟೆಲ್ಲಿಗೆಲ್ಲಾ ಸೈಕಲ್ ಬರ್ತಾವ್ರಿ." ಆಮೇಲೆ ಸೀಟಿ ಊದಿದ್ರು, ಹುಡುಗನ ಬೆನ್ನು ಮೊದಲ ಏರಿನ ತನಕ ಕಾಣ್ತಿತ್ತು.

ಇದನ್ನ ಓದಿ "ನೋಡಿದ್ರಾ, ಕಾಲೇ ಮುಖ್ಯ" ಅಂತ ಕಾಮೆಂಟ್ ಹಾಕಕ್ಕೆ ಹೊರಟಿದ್ರೆ ಒಂದು ನಿಮಿಷ ತಾಳಿ. ಆ ಹುಡುಗನಿಗೆ ಸೈಕಲ್ ಬಹಳ ಮುಖ್ಯ. ನಮಗಿಂತ ನೂರು ಪಾಲು ಮುಖ್ಯ. ಜಾತ್ರೆಯ ಸೈಕಲ್ಲಿಂದ ಗೇರಿರೋ, ಡ್ರಾಪ್ ಹ್ಯಾಂಡಲ್ ಇರೋ, ಅಳತೆಗೆ ಸರಿಯಾದ ರೋಡ್ ಬೈಕಿಗೆ ಬರೋ ಆ ಒಂದು ಮೆಟ್ಟಿಲಿದೆಯಲ್ಲ, ಅಲ್ಲಿ ಸೈಕಲ್ ಇಲ್ಲದೆ ಏನೂ ನಡೆಯಲ್ಲ. ರಾಷ್ಟ್ರೀಯ ಕೂಟದ ಟೈಮ್ ಟ್ರಯಲ್ಲಿಗೆ ಸಾದಾ ಹ್ಯಾಂಡಲ್ ಹಿಡಿದು ಹೋದವನು ಏರೋ ಬಾರ್ ಇರೋನ ಎದುರು ಕಾಲಿನ ಬಲದಿಂದಷ್ಟೇ ಆ ಅಂತರ ತುಂಬೋದು ಕಷ್ಟ. ಒಳ್ಳೆ ಸೈಕಲ್ ಕೊಡಿಸಿ ಅಂತ ಪದಕ ಗೆದ್ದ ಮಕ್ಕಳು ದಾನಿಗಳನ್ನ ಕೇಳೋ ಸುದ್ದಿ ಪತ್ರಿಕೆಗಳಲ್ಲಿ ಬರ್ತಾನೇ ಇರತ್ತೆ. ಅವರ ಮುಂದೆ ನಿಂತು "ಸೈಕಲ್ ಮುಖ್ಯ ಅಲ್ಲಪ್ಪ" ಅನ್ನೋದು ಊಟ ಮಾಡಿ ತೇಗಿದವನು ಹಸಿದವನಿಗೆ ಉಪವಾಸದ ಮಹಿಮೆ ಹೇಳಿದ ಹಾಗೆ.

ಬೆಲೆಯ ಏಣಿಯಲ್ಲಿ ಕೆಳಗಿನ ಮೆಟ್ಟಿಲುಗಳು ಎತ್ತರ, ಮೇಲಿನವು ಗಿಡ್ಡ. ಸೊನ್ನೆಯಿಂದ 60-70 ಸಾವಿರದ ರೋಡ್ ಬೈಕಿಗೆ ಹತ್ತಿದ್ರೆ ಲೋಕವೇ ಬದಲಾಗತ್ತೆ. ಅಲ್ಲಿಂದ ಒಂದು, ಒಂದೂವರೆ ಲಕ್ಷಕ್ಕೆ ಹೋದ್ರೆ ಬ್ರೇಕು, ಗೇರು, ಚಕ್ರ ಎಲ್ಲಾ ಕಣ್ಣಿಗೆ ಕಾಣೋ ಹಾಗೆ ಚೆನ್ನಾಗಾಗತ್ತೆ. ಆಮೇಲಿನದಕ್ಕೆ ಸ್ಟಾಪ್‌ವಾಚ್ ಬೇಕು. ಐದು ಲಕ್ಷ ದಾಟಿದ ಮೇಲೆ ಸ್ಟಾಪ್‌ವಾಚಿಗೂ ಅನುಮಾನ.

(7/8)

ಸರಿ, ಮೆಸೇಜ್ ಹಾಕಿದ ತಮ್ಮನಿಗೆ ಮೊದಲ ತಿಂಗಳ ಕಂತಿನಷ್ಟೇ ದುಡ್ಡಲ್ಲಿ ಏನು ಮಾಡು ಅಂತೀನಿ?

ಟೈರು ಬದಲಾಯಿಸು. ಫ್ರೇಮಲ್ಲಿ ಜಾಗ ಇದ್ರೆ 28 ಎಂ.ಎಂ. ಹಾಕು. ನಮ್ಮ ಹಂಪು, ಗುಂಡಿ, ಕ್ವಾರಿ ಲಾರಿಗಳು ಚೆಲ್ಲಿದ ಜಲ್ಲಿ ಇವಕ್ಕೆ ತೆಳ್ಳನೆ ಟೈರಿಗೆ ಕಲ್ಲಿನ ಹಾಗೆ ಗಾಳಿ ತುಂಬಿಸೋದು ವೇಗಕ್ಕೂ ಒಳ್ಳೇದಲ್ಲ. (ಯಾಕೆ ಅಂತ ಹೋದ ವಾರದ ಪೋಸ್ಟಲ್ಲಿದೆ.) ಚೈನು ಬಿಚ್ಚಿ ತೊಳೆದು ಒಣಗಿಸಿ ಎಣ್ಣೆ ಹಾಕು. ಕಪ್ಪು ಮಸಿಯ ಚೈನು ತಿನ್ನೋ ಶಕ್ತಿ ನಿನ್ನ ಕಾಲಿಂದಲೇ ಹೋಗೋದು. ಸೀಟಿನ ಎತ್ತರ ಸರಿ ಇದೆಯಾ ಅಂತ ತಿಳಿದವರ ಹತ್ರ ಒಮ್ಮೆ ತೋರಿಸು. ಎಷ್ಟೋ ಜನ ಎರಡು ಸೆಂಟಿಮೀಟರ್ ತಗ್ಗಿನಲ್ಲಿ ಕೂತು ಮೊಣಕಾಲು ನೋಯಿಸ್ಕೊಂಡು ಸೈಕಲ್ಲನ್ನ ಬೈತಿರ್ತಾರೆ. ಬ್ರೇಕ್ ಪ್ಯಾಡ್ ಹೊಸದು ಹಾಕಿಸು, ಹತ್ತಿದವನು ಇಳಿಯಲೂ ಬೇಕಲ್ಲ. ನಂದಿಯ ಇಳಿಜಾರಲ್ಲಿ ಕಾರುಗಳು ತಿರುವಿನ ನಡುವೆ ಬರ್ತಾವೆ.

ಗೇರು ನೋಡು. ಹಿಂದಿನ ದೊಡ್ಡ ಹಲ್ಲು 28 ಇದ್ದು ಕೊನೇ ತಿರುವುಗಳಲ್ಲಿ ಪೆಡಲ್ ನಿಂತೇಹೋಗೋ ಹಾಗೆ ತುಳೀತಿದ್ರೆ, ಡಿರೇಲರ್ ಒಪ್ಪೋದಾದ್ರೆ 32ರ ಕ್ಯಾಸೆಟ್ ಹಾಕಿಸು. ಬೆಟ್ಟದಲ್ಲಿ ಎರಡು ಕೆ.ಜಿ. ಇಳಿಸೋದಕ್ಕಿಂತ ಇದರಿಂದ ನಿನಗೆ ಹೆಚ್ಚು ಉಪಯೋಗ ಆಗಬಹುದು.

ಉಳಿದ ದುಡ್ಡಲ್ಲಿ ರೇಸಿಗೆ ಹೆಸರು ಕೊಡು. ಒಂದಕ್ಕಲ್ಲ, ಮೂರು ನಾಲ್ಕಕ್ಕೆ. ಮೊದಲನೇದರಲ್ಲಿ ಹೆದರಿಕೆ, ಎರಡನೇದರಲ್ಲಿ ಹುಚ್ಚು ಆವೇಶ, ಮೂರನೇದರಲ್ಲಷ್ಟೇ ನಿಜವಾಗಿ ರೇಸ್ ಮಾಡೋದು. ಅಷ್ಟು ಆದ್ಮೇಲೆ ನಿನಗೆ ಗೊತ್ತಾಗತ್ತೆ, ನಿನ್ನದು ಬೆಟ್ಟವೋ, ಸಪಾಟಿನ ಗುಂಪೋ, ಒಂಟಿ ಟಿಟಿಯೋ ಅಂತ. ಅದು ಗೊತ್ತಾಗದೆ ಸೈಕಲ್ ತಗೊಂಡ್ರೆ ಹುಡುಗಿ ಗೊತ್ತಾಗೋ ಮುಂಚೆ ಛತ್ರ ಬುಕ್ ಮಾಡಿದ ಹಾಗೆ.

ನಿನ್ನ ಗ್ರೂಪಿನವರು ಹೇಳಿದ್ದಕ್ಕೆ ಮಾತ್ರ ನನಗೆ ಸಿಟ್ಟು ಬಂತು. "ಕಾರ್ಬನ್ ಇಲ್ದೆ ಬರೋದು ವೇಸ್ಟ್" ಅನ್ನೋ ಒಂದು ಮಾತಿಗೆ ಎಷ್ಟು ಜನ ಹುಡುಗರು, ಅದಕ್ಕಿಂತ ಹೆಚ್ಚಾಗಿ ಹುಡುಗಿಯರು, ಸ್ಟಾರ್ಟ್ ಲೈನಿಗೇ ಬರದೆ ಉಳಿದಿದಾರೋ. ಮಹಿಳೆಯರ ವಿಭಾಗದಲ್ಲಿ ಬೆರಳೆಣಿಕೆ ಜನ ಅಂತ ಪ್ರತಿ ಸಲ ಕೊರಗ್ತೀವಿ, ಇನ್ನೊಂದು ಕಡೆ ಬರಬೇಕು ಅಂದವರ ಸೈಕಲ್ ನೋಡಿ ಮೂಗು ಮುರೀತೀವಿ.

(8/8)

ಹಾಗಂತ ದುಬಾರಿ ಸೈಕಲ್ ಇಟ್ಟುಕೊಂಡೋರ ಮೇಲೆ ನನಗೇನೂ ದ್ವೇಷ ಇಲ್ಲ. ಸಾಲ ಇಲ್ಲದೆ, ಮನೆಯವರ ಹೊಟ್ಟೆ ಉರಿಸದೆ ತಗೊಂಡಿದ್ರೆ ಸಂತೋಷ. ಚಂದದ ಸೈಕಲ್ ಬಾಗಿಲ ಹತ್ರ ನಿಂತಿದೆ ಅನ್ನೋ ಕಾರಣಕ್ಕೇ ಬೆಳಗ್ಗೆ ನಾಲ್ಕೂವರೆಗೆ ಏಳೋರು ಇದಾರೆ. ಅದು ಶೋಕಿ, ಶೋಕಿಗೆ ಶೋಕಿ ಅಂತಲೇ ಹೆಸರಿಟ್ರೆ ತಪ್ಪೇನಿಲ್ಲ. ಒಬ್ಬರು ವಾಚಿಗೆ ಹಾಕ್ತಾರೆ, ಒಬ್ಬರು ರೇಷ್ಮೆ ಸೀರೆಗೆ, ಇವರು ಚಕ್ರಕ್ಕೆ. ಹೊಸಬರ ಮುಂದೆ ಅದನ್ನ ಅವಶ್ಯಕತೆ ಅಂತ ಹೇಳಿ ಹೆದರಿಸಬೇಡಿ, ಅಷ್ಟೇ ಕೇಳಿಕೊಳ್ಳೋದು.

ಇನ್ನೊಂದು ಕೋರಿಕೆ. ಹೊಸದು ತಗೊಂಡಾಗ ಹಳೇದು ಬಾಲ್ಕನಿಯಲ್ಲಿ ಬಟ್ಟೆ ಒಣಗಿಸೋ ಸ್ಟ್ಯಾಂಡ್ ಆಗಿರತ್ತೆ. ಕ್ಲಾರಿಸ್, ಸೋರಾ, ಟಿಯಾಗ್ರಾ ಗೇರಿನ, ಓಡೋ ಸ್ಥಿತಿಯ ರೋಡ್ ಬೈಕು, ಅರ್ಧ ಸವೆದ ಟೈರು, ಬಳಸದ ಏರೋ ಬಾರು, ಚಿಕ್ಕದಾದ ಶೂ ಏನಿದ್ರೂ ಕಾಮೆಂಟಲ್ಲಿ ಅಳತೆ ಸಮೇತ ಹಾಕಿ. ಬೇಕಾದವರು ನೇರವಾಗಿ ನಿಮಗೇ ಮೆಸೇಜ್ ಮಾಡ್ತಾರೆ. ನಡುವೆ ನಾನಿರಲ್ಲ, ದುಡ್ಡಿನ ವ್ಯವಹಾರ ಇಲ್ಲ. ಫ್ರೇಮಿನ ಅಳತೆ 48ರಿಂದ 54ರವರೆಗೆ ಇರೋದಕ್ಕೆ ಹೆಚ್ಚು ಬೇಡಿಕೆ, ಯಾಕಂದ್ರೆ ಕೇಳೋರು ಹೆಚ್ಚಿನವರು ಹೈಸ್ಕೂಲು, ಪಿಯುಸಿ ಮಕ್ಕಳು. ಕಾರ್ಬನ್ ಫ್ರೇಮು ಒಮ್ಮೆ ಬಿದ್ದಿದ್ರೆ ಮುಚ್ಚಿಡಬೇಡಿ, ಬಿದ್ದಿದೆ ಅಂತಲೇ ಬರೀರಿ.

ಮುಂದಿನ ವಾರ ಅದೇ ವಿಷಯ: ಸೆಕೆಂಡ್‌ಹ್ಯಾಂಡ್ ಕಾರ್ಬನ್ ಫ್ರೇಮು ಕೊಳ್ಳೋ ಮುಂಚೆ ಎಲ್ಲೆಲ್ಲಿ ಬೆರಳಾಡಿಸಿ, ಎಲ್ಲೆಲ್ಲಿ ನಾಣ್ಯ ತಟ್ಟಿ ನೋಡ್ಬೇಕು. ಸೇವ್ ಮಾಡಿಟ್ಕೊಳ್ಳಿ.

#ಸೈಕಲ್ #ಕನ್ನಡದಲ್ಲಿಸೈಕ್ಲಿಂಗ್ #ನಂದಿಬೆಟ್ಟ #ಹಿಲ್‌ಕ್ಲೈಂಬ್ #ವಿಜಯಪುರ